ಕಂಪನಿ ನಾಟಕದ ಗಾನವೂ ಹೊಸ ರಂಗಭೂಮಿಯ ಉದಯವೂ

ಕ್ರಿ. ಶ. 1970ರ ತರುವಾಯ ಕನ್ನಡನಾಡಿನಲ್ಲಿ ತಲೆಯೆತ್ತಿದ ಹೊಸ ರಂಗಭೂಮಿಯ ವಿಚಾರವಾಗಿ ಒಂದು ಅಭಿಪ್ರಾಯವು ವಿಮರ್ಶಗ್ರಂಥಗಳಲ್ಲಿಯೂ ಕಾಲೇಜುಗಳ ಪಾಠಗಳಲ್ಲಿಯೂ ರೂಢಮೂಲವಾಗಿ ನಿಂತಿದೆ. ಅದೆಂತೆಂದರೆ: ಬಣ್ಣದ ಪರದೆ, ಜರತಾರಿಯ ಉಡುಪು, ಥಳಥಳಿಸುವ ಕಿರೀಟ, ಮಾತಿಗೊಂದು ಹಾಡು, ಇವುಗಳಿಂದ ಜನರನ್ನು ಮರುಳುಗೊಳಿಸುತ್ತಿದ್ದ ಕಂಪನಿ ನಾಟಕವು ಕಾಲವಶದಿಂದ ಜೀರ್ಣವಾಯಿತು, ಅದನ್ನು ತಿರಸ್ಕರಿಸಿ ಹೊರಟ ತರುಣರು ಪರದೆಯಿಲ್ಲದ ಬಯಲಿನಲ್ಲಿ, ಸಾಮಾನ್ಯವಾದ ಉಡುಪಿನಲ್ಲಿ, ಕಾಸಿನ ಬಲವಿಲ್ಲದೆ, ಹೊಸ ನಾಟಕವನ್ನು ಕಟ್ಟಿದರು, ಇವೆರಡಕ್ಕೂ ಸಂಬಂಧವಿಲ್ಲ, ಇದ್ದರೆ ಅದು ವಿರೋಧಸಂಬಂಧವೇ ಸರಿ, ಎಂಬುದು. ಈ ಅಭಿಪ್ರಾಯದಲ್ಲಿ ಸತ್ಯಾಂಶವು ಇಲ್ಲದಿಲ್ಲ. ಪರದೆಯ ವಿಷಯದಲ್ಲಿಯೂ ಉಡುಪಿನ ವಿಷಯದಲ್ಲಿಯೂ ಅದು ಬಹುಮಟ್ಟಿಗೆ ನಿಲ್ಲುತ್ತದೆ. ಗಾನದ ವಿಷಯಕ್ಕೆ ಬಂದೊಡನೆಯೇ ನಿಲ್ಲುವುದಿಲ್ಲ. ಹೊಸ ರಂಗಭೂಮಿಯ ಕೊರಳು ಹಳೆಯ ಕಂಪನಿಯ ಡೇರೆಯಲ್ಲಿ ಪಳಗಿದ ಕೊರಳು. ಆ ಕೊರಳನ್ನು ಅಲ್ಲಿಂದ ಇಲ್ಲಿಗೆ ತಂದವರು ಬಾಬುಕೋಡಿ ವೆಂಕಟರಮಣ ಕಾರಂತರು (1929–2002). ಈ ಸಂಗತಿಯು ಅವರ ಜೀವನಚರಿತ್ರೆಯಲ್ಲಿ ಒಂದು ಸ್ವಾರಸ್ಯದ ಪ್ರಸಂಗವಾಗಿ ಹೇಳಲ್ಪಡುತ್ತಿದೆಯೇ ಹೊರತು ರಂಗಭೂಮಿಯ ಇತಿಹಾಸದಲ್ಲಿ ಒಂದು ಕಾರಣವಾಗಿ ಪರಿಗಣಿತವಾಗಿಲ್ಲ.

ಮೊದಲು ಕಂಪನಿ ನಾಟಕದಲ್ಲಿ ಗಾನದ ಸ್ಥಾನವೇನೆಂಬುದನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಮೈಸೂರಿನ ಅರಮನೆಯ ನಾಟಕಮಂಡಳಿಯು ಏರ್ಪಟ್ಟು, ಅಭಿನವ ಕಾಳಿದಾಸರೆಂದು ಬಿರುದಾಂಕಿತರಾದ ಬಸವಪ್ಪಶಾಸ್ತ್ರಿಗಳು (1843–1891) ಶಾಕುಂತಲವನ್ನು ಕನ್ನಡಿಸಿದ ಕಾಲದಿಂದಲೂ, ಕನ್ನಡ ನಾಟಕವೆಂದರೆ ಹಾಡುವ ನಾಟಕವೆಂದೇ ಅರ್ಥವಾಗಿತ್ತು. ನಟನಿಗೆ ಮೊದಲು ಬೇಕಾದುದು ಶಾರೀರ. ರೂಪ, ವಾಗ್ವೈಖರಿ, ಅಭಿನಯಗಳು ಆಮೇಲಿನವು. ರತ್ನಾವಳಿ ಕಂಪನಿಯ ಎ. ವಿ. ವರದಾಚಾರ್ಯರು (1869–1926) ರಂಗದ ಮೇಲೆ ಬಂದರೆಂದರೆ ಜನರು ಕೇಳಲು ಬರುತ್ತಿದ್ದರು, ನೋಡಲು ಮಾತ್ರವಲ್ಲ. ಮೆಚ್ಚಿದ ಹಾಡನ್ನು ಮತ್ತೊಮ್ಮೆ ಹಾಡಿಸುವುದು ವಾಡಿಕೆಯಾಗಿ, ಸತ್ತು ಬಿದ್ದ ಪಾತ್ರಧಾರಿಯು ಪ್ರೇಕ್ಷಕರ ಒತ್ತಾಯಕ್ಕೆ ಎದ್ದು ಹಾಡಿ ಪುನಃ ಸತ್ತನೆಂಬ ಪರಿಹಾಸದ ಕಥೆಗಳು ಹಳಬರ ಬಾಯಲ್ಲಿ ಉಳಿದುಬಂದಿವೆ. ಹಾಡುಗಳ ಮಟ್ಟುಗಳು ಎಲ್ಲ ಕಡೆಗಳಿಂದಲೂ ಬಂದವು: ಕರ್ಣಾಟಕ ಸಂಗೀತದ ಕೀರ್ತನೆ ಜಾವಳಿಗಳಿಂದ, ಮರಾಠಿ ರಂಗಭೂಮಿಯ ನಾಟ್ಯಗೀತೆಗಳಿಂದ, ಪಾರ್ಸಿ ಕಂಪನಿಗಳ ಚುರುಕಾದ ಚೀಜುಗಳಿಂದ. ಹಾರ್ಮೋನಿಯಂ ಮೇಷ್ಟರು ರಂಗದ ಮುಂದೆ ಎಲ್ಲರಿಗೂ ಕಾಣುವಂತೆ ಕುಳಿತು ಸಮಸ್ತವನ್ನೂ ನಡೆಸುತ್ತಿದ್ದರು. ಪುಸ್ತಕದಲ್ಲಿ ಹಾಡಿನ ತಲೆಯ ಮೇಲೆ ಇಂಥ ಹಾಡಿನ ಮಟ್ಟು ಎಂದು ಅಚ್ಚಾಗಿರುತ್ತಿತ್ತು. ಇದು ಸಂಗೀತಶಾಸ್ತ್ರಜ್ಞರ ದೃಷ್ಟಿಯಲ್ಲಿ ಸಂಕರ; ಆದರೆ ಸಂಕರವಾದುದರಿಂದಲೇ ಅದು ಎಲ್ಲ ಜಾತಿಯ, ಎಲ್ಲ ಪಂಗಡದ ಶ್ರೋತೃಗಳಿಗೂ ಏಕಕಾಲದಲ್ಲಿ ತಲುಪಬಲ್ಲ ಗಾನವಾಗಿತ್ತು.

ಬೆಡಗಿನಲ್ಲಿ ಪರಾಕಾಷ್ಠೆಯನ್ನು ಮುಟ್ಟಿದುದು 1884ರಲ್ಲಿ ಸ್ಥಾಪಿತವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘವು. ಬಾಲ್ಯದಲ್ಲಿಯೇ ಅದನ್ನು ಸೇರಿ, ಹಾಸ್ಯನಟರಾಗಿ ಹೆಸರಾಗಿ, ಮುಂದೆ ಅದರ ಯಜಮಾನರಾದ ಗುಬ್ಬಿ ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆಗಳೇ ಬಂದವು. ದಶಾವತಾರದಲ್ಲಿ ಯಂತ್ರಚಮತ್ಕಾರದಿಂದ ದೃಶ್ಯಗಳು ಕಣ್ಣೆದುರಿಗೇ ಮಾರ್ಪಟ್ಟವು. ಇಷ್ಟು ವೈಭವದ ನಡುವೆ ನಾಟಕದ ವಸ್ತುವು ಎಲ್ಲಿಯೋ ತೆಳುವಾಯಿತೆಂಬ ಆಕ್ಷೇಪಣೆಯನ್ನು ಅಲ್ಲಗಳೆಯುವಂತಿಲ್ಲ. ಬಿ. ಜಯಮ್ಮನವರಂಥವರ ಗಾನವು ಮಾತ್ರ ಆ ಥಳುಕಿನಲ್ಲಿ ಮುಳುಗದೆ ಉಳಿಯಿತು.

ಪ್ರಕೃತಕ್ಕೆ ಉಪಯುಕ್ತವಾದ ಒಂದು ಶಾಸ್ತ್ರವಿಚಾರವನ್ನು ಇಲ್ಲಿ ಹೇಳಬೇಕಾಗಿದೆ. ಭರತನ ನಾಟ್ಯಶಾಸ್ತ್ರದ ಧ್ರುವಾಧ್ಯಾಯದಲ್ಲಿ ರಂಗಗಾನವು ಐದು ವಿಧವಾಗಿ ವಿಂಗಡಿಸಲ್ಪಟ್ಟಿದೆ. ಪಾತ್ರವು ಬರುವಾಗ ಹಾಡತಕ್ಕುದು ಪ್ರಾವೇಶಿಕೀ, ಹೋಗುವಾಗಿನದು ನೈಷ್ಕ್ರಾಮಿಕೀ, ನಡೆಯುತ್ತಿರುವ ರಸವನ್ನು ಕಡಿದು ಬೇರೊಂದನ್ನು ಎಸೆಯುವುದು ಆಕ್ಷೇಪಿಕೀ, ಹಾಗೆ ಕದಡಿದ ಚಿತ್ತವನ್ನು ತಿಳಿಗೊಳಿಸುವುದು ಪ್ರಾಸಾದಿಕೀ, ನಟನು ವಸ್ತ್ರಾಭರಣಗಳನ್ನು ಸರಿಪಡಿಸಿಕೊಳ್ಳುವಾಗಲೋ ಪ್ರಯೋಗದಲ್ಲಿ ಬಿರುಕು ಬಿಟ್ಟಾಗಲೋ ದೋಷವನ್ನು ಮುಚ್ಚುವುದಕ್ಕಾಗಿ ಹಾಡತಕ್ಕುದು ಆಂತರಾ. ಈ ಅಳತೆಗೋಲಿನಿಂದ ನೋಡಿದರೆ ಕಂಪನಿ ನಾಟಕಕ್ಕೆ ಬಂದ ರೋಗವು ಯಾವುದೆಂಬುದು ಸ್ಪಷ್ಟವಾಗುತ್ತದೆ. ಹಿಂದಿನ ಪರದೆಯ ಮರೆಯಲ್ಲಿ ಅರಮನೆಯನ್ನು ಕಿತ್ತು ಅಡವಿಯನ್ನು ನಿಲ್ಲಿಸುವಷ್ಟು ಹೊತ್ತು ಮುಂದಿನ ಪರದೆಯ ಎದುರಿಗೆ ಒಬ್ಬನು ಹಾಡುತ್ತಿರಬೇಕು. ಹೀಗೆ ಹಾಡೆಲ್ಲವೂ ಕ್ರಮೇಣ ಆಂತರೆಯೇ ಆಗಿಹೋಯಿತು. ಪ್ರವೇಶ ನಿಷ್ಕ್ರಮಣಗಳ ಹಾಡುಗಳು ಉಳಿದರೂ ಆಕ್ಷೇಪಿಕಿಯು ಹೆಚ್ಚುಕಡಮೆ ಲುಪ್ತವಾಯಿತು. ರೋಗವು ಗಾನದಲ್ಲಿರಲಿಲ್ಲ, ವಿನಿಯೋಗದಲ್ಲಿತ್ತು.

ಕಂಪನಿ ನಾಟಕದ ಮೇಲೆ ಎದ್ದ ಮೊದಲನೆಯ ಬಂಡಾಯವು ಈ ಭೇದವನ್ನು ಎಣಿಸಲಿಲ್ಲ. ಬೆಂಗಳೂರಿನಲ್ಲಿ 1909ರಲ್ಲಿ ಹುಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ನಿನ ವಿದ್ಯಾವಂತರೂ, ಅವರ ಪರಿಸರದಲ್ಲಿ ಬೆಳಗಿದ ಟಿ. ಪಿ. ಕೈಲಾಸಂ (1884–1946) ಅವರೂ ನಾಟಕವನ್ನು ಮನೆಯ ನಡುಮನೆಗೆ ತಂದರು. ಮನೆಯ ಮಾತನ್ನೇ ಆಡಿಸಿದರು. ಟೊಳ್ಳುಗಟ್ಟಿಯಂಥ ನಾಟಕದಲ್ಲಿ ಕಂಪನಿಯ ಹಾಡಿಗೆ ಎಡೆಯೇ ಇರಲಿಲ್ಲ. ಇದರಿಂದ ಕನ್ನಡ ಗದ್ಯಕ್ಕೆ ಆದ ಲಾಭವು ಅಪಾರ. ಆದರೆ ಸುಮಾರು ಐವತ್ತು ವರ್ಷಗಳ ಕಾಲ ಓದಿದವರ ನಾಟಕವು ಹಾಡದ ನಾಟಕವಾಗಿ, ಹಾಡುವ ನಾಟಕವು ಓದದವರ ನಾಟಕವಾಗಿ, ಎರಡು ಪಂಕ್ತಿಗಳೇ ಬೇರೆಯಾಗಿಬಿಟ್ಟವು. ಕೈಲಾಸಂ ಅವರಿಗೆ ಹಾಡು ಬಾರದೆ ಅಲ್ಲ. ಅವರು ಕಟ್ಟಿದ ವಿನೋದದ ಹಾಡುಗಳು ಇಂದಿಗೂ ಜನರ ಬಾಯಲ್ಲಿವೆ. ಅವರ ಅನುಯಾಯಿಗಳಿಗೆ ಹಾಡೆಂದರೆ ನಾಚಿಕೆಯಾಯಿತು, ಅಷ್ಟೆ.

ಈ ಎರಡು ಪಂಕ್ತಿಗಳನ್ನು ಕೂಡಿಸಿದವರ ಪೂರ್ವವೃತ್ತಾಂತವನ್ನು ಇನ್ನು ನೋಡಬಹುದು. ಕಾರಂತರು ಹುಟ್ಟಿದುದು ದಕ್ಷಿಣ ಕನ್ನಡದ ಬಂಟವಾಳ ತಾಲ್ಲೂಕಿನ ಮಂಚಿಯಲ್ಲಿ. ಮೂರನೆಯ ತರಗತಿಯಲ್ಲಿದ್ದಾಗ ಅವರು ಮೊದಲಬಾರಿಗೆ ಬಣ್ಣ ಹಚ್ಚಿದುದು ಕುವೆಂಪು ಅವರ ನನ್ನ ಗೋಪಾಲ ನಾಟಕಕ್ಕೆ. ಕುವೆಂಪು ಅವರು 1904ರಲ್ಲಿ ಜನಿಸಿದುದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ; ಆದಕಾರಣ ಘಟ್ಟದ ಕೆಳಗಿನ ಬಾಲಕನಿಗೆ ರಂಗದ ಮೇಲಿನ ಮೊದಲ ಮಾತು ಘಟ್ಟದ ಮೇಲಣ ಕೊಪ್ಪದ ಸೀಮೆಯ ಕವಿಯಿಂದ ಬಂದಿತೆಂದು ಬಾಳಗಡಿ ಕೊಪ್ಪಗಳ ಕಡೆಯವರು ಹೇಳಿಕೊಂಡರೆ ತಪ್ಪೇನೂ ಇಲ್ಲ. ಮುಂದೆ ಆ ಬಾಲಕನು ಮನೆಯನ್ನು ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿಯನ್ನು ಸೇರಿದನು. ಕನ್ನಡ ಚಲನಚಿತ್ರದಲ್ಲಿ ರಾಜಕುಮಾರರೆಂದು ಪ್ರಸಿದ್ಧರಾದವರೂ ಅದೇ ಕಂಪನಿಯ ಅನ್ನವನ್ನು ಉಂಡು ಬೆಳೆದವರು. ಅಲ್ಲಿ ಹಗಲು ತಾಲೀಮು, ರಾತ್ರಿ ಆಟ, ಕಿವಿಯೇ ಪುಸ್ತಕ. ಒಂದು ಊರಿನಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟು ಅದೇ ಹಾಡನ್ನು ನೂರು ಬಾರಿ ಕೇಳಿದವನಿಗೆ, ಯಾವ ಸ್ವರಕ್ಕೆ ಹಿಂದಿನ ಸಾಲಿನ ಪ್ರೇಕ್ಷಕನು ತಲೆಯೆತ್ತುತ್ತಾನೆ, ಯಾವ ತಾನಕ್ಕೆ ಅವನು ಬೀಡಿ ಹಚ್ಚುತ್ತಾನೆ ಎಂಬ ಜ್ಞಾನವು ಯಾವ ಗುರುಕುಲದಲ್ಲಿಯೂ ದೊರೆಯದ ರೀತಿಯಲ್ಲಿ ದೊರೆಯುತ್ತದೆ.

ಇತಿಹಾಸಕಾರರು ಹೆಚ್ಚಾಗಿ ನಿಲ್ಲಬೇಕಾದ ಸ್ಥಳವು ಇದಾದ ಮೇಲಿನದು. ಈ ಹುಡುಗನಿಗೆ ವಿದ್ಯೆಯ ಮೇಲೆ ಆಸೆಯಿರುವುದನ್ನು ಕಂಡ ವೀರಣ್ಣನವರು ಆತನನ್ನು ಕಾಶಿಗೆ ಕಳುಹಿಸಿಕೊಟ್ಟರು. ಕಂಪನಿಯ ಯಜಮಾನನೊಬ್ಬನು ತನ್ನ ಮಂಡಳಿಯಲ್ಲಿ ಪಳಗಿದ ನಟನನ್ನು ಓದುವುದಕ್ಕೆಂದು ಬಿಟ್ಟುಕೊಡುವುದು ವ್ಯಾಪಾರದ ದೃಷ್ಟಿಯಿಂದ ನಷ್ಟದ ಕೆಲಸ. ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಕಾರಂತರು ಎಂ. ಎ. ಪದವಿಯನ್ನು ಪಡೆದರು, ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ಥಾನೀ ಸಂಗೀತವನ್ನು ಅಭ್ಯಾಸಮಾಡಿದರು. ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕಶಾಲೆಗೆ ಹೋಗಿ 1962ರಲ್ಲಿ ಅಲ್ಲಿನ ಶಿಕ್ಷಣವನ್ನು ಮುಗಿಸಿದರು. ಕರಾವಳಿಯ ಚೆಂಡೆ, ಗುಬ್ಬಿಯ ಹಾರ್ಮೋನಿಯಂ, ಕಾಶಿಯ ತಂಬೂರಿ, ದೆಹಲಿಯ ಆಧುನಿಕ ರಂಗಶಿಕ್ಷಣ ಇವು ನಾಲ್ಕೂ ಒಬ್ಬನೇ ಪುರುಷನಲ್ಲಿ ಕೂಡಿದುದು ಕನ್ನಡದ ಭಾಗ್ಯವೆನ್ನಬೇಕು.

ಫಲವು ಪ್ರಕಟವಾದುದು 1970ರ ದಶಕದ ಆರಂಭದಲ್ಲಿ. ಗಿರೀಶ ಕಾರ್ನಾಡರ ಹಯವದನ, ಲಂಕೇಶರು ಕನ್ನಡಿಸಿದ ಗ್ರೀಕ್ ನಾಟಕ ಈಡಿಪಸ್, ಚಂದ್ರಶೇಖರ ಕಂಬಾರರ ಜೋಕುಮಾರಸ್ವಾಮಿ ಇವುಗಳನ್ನು ಕಾರಂತರು ನಿರ್ದೇಶಿಸಿದರು. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಣ ಬಯಲಿನಲ್ಲಿ ನಡೆದ ಪ್ರಯೋಗಗಳು ಪಟ್ಟಣದ ಪ್ರೇಕ್ಷಕರ ಅಭ್ಯಾಸವನ್ನೇ ಬದಲಾಯಿಸಿದವು. ಪರದೆ ಇಲ್ಲ, ಏಳುವುದಕ್ಕೂ ಬೀಳುವುದಕ್ಕೂ ಏನೂ ಇಲ್ಲ. ಪರದೆಯೇ ಇಲ್ಲದಮೇಲೆ ಪರದೆಯ ಹಿಂದಿನ ಗಡಿಬಿಡಿಯನ್ನು ಮುಚ್ಚುವ ಹಾಡೂ ಬೇಕಾಗಿಲ್ಲ. ಆಂತರೆಗೆ ಅವಕಾಶವು ತಪ್ಪಿದೊಡನೆ ಮಿಕ್ಕ ನಾಲ್ಕು ಧ್ರುವೆಗಳು ತಮ್ಮತಮ್ಮ ಸ್ಥಾನಕ್ಕೆ ಮರಳಿದವೆಂದು ಹೇಳಿದರೆ ಅತಿಶಯೋಕ್ತಿಯಾಗದು. ಜೋಕುಮಾರಸ್ವಾಮಿಯಲ್ಲಿ ಹಾಡು ಕಥೆಯನ್ನು ನಿಲ್ಲಿಸಿ ಕೇಳಿಸುವ ಅಲಂಕಾರವಲ್ಲ; ಗೌಡನ ದರ್ಪವನ್ನು ಕೆಣಕುವ ಆಯುಧ. ಹಯವದನದ ಮೊದಲಲ್ಲಿ ಬರುವ ಗಣಪತಿಯ ಸ್ತುತಿಯನ್ನು ಕೇಳಿದವರಿಗೆ ಕಂಪನಿ ನಾಟಕದ ನಾಂದಿಗೀತವು ನೆನಪಾಗದಿರದು. ಮೇಳವೆಲ್ಲವೂ ಕೂಡಿ ನಿಂತು ಹಾಡುವ ಕ್ರಮವೂ ಅದೇ, ಪ್ರೇಕ್ಷಕರ ಗದ್ದಲವನ್ನು ಅಡಗಿಸುವ ಪ್ರಯೋಜನವೂ ಅದೇ.

ಅದೇ 1972ನೆಯ ಇಸವಿಯಲ್ಲಿ ಗುಬ್ಬಿ ವೀರಣ್ಣನವರು ಕಾಲವಾದರು. ಬೆಡಗಿನ ರಂಗಭೂಮಿಯ ಅಧಿಪತಿಯು ಕಣ್ಣುಮುಚ್ಚಿದ ವರ್ಷವೂ, ಅವರು ಓದಿಸಿದ ಹುಡುಗನು ಪರದೆಯನ್ನು ಕಿತ್ತೆಸೆದ ವರ್ಷವೂ ಒಂದೇ ಆಗಿರುವುದು ಕಾಕತಾಳೀಯವಾದರೂ ಗಮನಾರ್ಹವಾಗಿದೆ.

ಹಳೆಯ ಬೆಡಗಿನವರೇ ಹೊಸ ಬಂಡಾಯಕ್ಕೆ ಕೈಗೊಡುವ ಇಂತಹ ಸಂದರ್ಭವು ಕನ್ನಡಕ್ಕೆ ಮಾತ್ರ ವಿಶಿಷ್ಟವಾದುದಲ್ಲ. ಅದೇ ದಶಕದಲ್ಲಿ ಆಂಗ್ಲದೇಶದ ಜನಪ್ರಿಯ ಸಂಗೀತದಲ್ಲಿ ನಡೆದ ಒಂದು ಪ್ರಸಂಗವು ಹೋಲಿಕೆಗೆ ಒದಗುತ್ತದೆ. ಅಲ್ಲಿ 1971ರ ಸುಮಾರಿಗೆ ಗ್ಲ್ಯಾಮ್ ರಾಕ್ ಎಂಬ ಹೆಸರಿನ ಒಂದು ಸಂಪ್ರದಾಯವು ಹುಟ್ಟಿತು. ಟಿ. ರೆಕ್ಸ್ ಎಂಬ ಮೇಳದ ನಾಯಕನಾದ ಮಾರ್ಕ್ ಬೋಲನ್ (1947–1977) ಎಂಬಾತನು ಕೆನ್ನೆಗೆ ಮಿರುಗುಪುಡಿಯನ್ನು ಹಚ್ಚಿಕೊಂಡು, ಹೊಳೆಯುವ ರೇಷ್ಮೆಯ ಉಡುಪಿನಲ್ಲಿ ಹಾಡಿ ತರುಣರನ್ನು ಮರುಳುಮಾಡಿದನು. ಇವನ ವೇಷದಲ್ಲಿ ಥಳುಕಿದ್ದರೂ ಹಾಡು ಮಾತ್ರ ಚಿಕ್ಕದು, ನೇರವಾದುದು. ಆ ಕಾಲದ ಇತರ ಮೇಳಗಳು ಅರ್ಧ ಗಂಟೆಯ ಪಾಂಡಿತ್ಯಪ್ರದರ್ಶನಕ್ಕೆ ಇಳಿದಿದ್ದಾಗ ಇವನು ಮೂರು ನಿಮಿಷಗಳಲ್ಲಿ ಮುಗಿಸುತ್ತಿದ್ದನು. 1976ರಲ್ಲಿ ಪಂಕ್ ಎಂಬ ಬಂಡಾಯದ ಸಂಗೀತವು ಹರಕುಬಟ್ಟೆಯನ್ನು ತೊಟ್ಟು ಬಂದಾಗ, ಥಳುಕಿನವರೆಲ್ಲರೂ ಅದರ ವೈರಿಗಳೆಂದು ಜನರು ಎಣಿಸಿದರು. ಬೋಲನ್ನನಾದರೋ 1977ರಲ್ಲಿ ಆ ಪಂಥದ ಡ್ಯಾಮ್ಡ್ ಎಂಬ ಮೇಳವನ್ನು ತನ್ನ ಸಂಚಾರದಲ್ಲಿ ಜೊತೆಗೆ ಕರೆದುಕೊಂಡು ಹೋದನು. ಅದೇ ವರ್ಷ ದೂರದರ್ಶನದಲ್ಲಿ ತಾನು ನಡೆಸಿಕೊಟ್ಟ ಕಾರ್ಯಕ್ರಮದಲ್ಲಿ ಹೊಸಬರಿಗೆ ಎಡೆಗೊಟ್ಟನು. ಸೆಪ್ಟೆಂಬರ್ 16ರಂದು ಕಾರಿನ ಅಪಘಾತದಲ್ಲಿ ಮಡಿದನು. ಬಂಡಾಯದವರು ವೇಷವನ್ನು ಬಿಟ್ಟರು, ಚಿಕ್ಕ ಹಾಡಿನ ಬಿಗಿಯನ್ನು ಉಳಿಸಿಕೊಂಡರು. ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು: ಬೋಲನ್ನನು ಯುವಕರ ಓರಗೆಯವನು, ವೀರಣ್ಣನವರಾದರೋ ತಾತನ ವಯಸ್ಸಿನವರು, ಪಂಕ್ ಪಂಥದವರು ಸಂಗೀತವನ್ನು ಕಲಿಯದೆಯೇ ಹಾಡಲು ಹೊರಟವರು, ಕಾರಂತರು ಕಲಿತದ್ದನ್ನು ಅಡಗಿಸಿಕೊಂಡವರು. ಆದರೂ ಬಿಟ್ಟದ್ದೇನು, ಉಳಿಸಿಕೊಂಡದ್ದೇನು ಎಂಬ ಪ್ರಶ್ನೆಯು ಎರಡು ಕಡೆಗಳಲ್ಲಿಯೂ ಒಂದೇ.

ಈ ವಾದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಕಾರಂತರ ರಂಗಸಂಗೀತದ ಮೂಲವು ಕಂಪನಿಯಲ್ಲ, ಅವರ ಹುಟ್ಟೂರಿನ ಸೀಮೆಯ ಯಕ್ಷಗಾನ ಎಂಬುದು ಮೊದಲನೆಯದು. ಇದಕ್ಕೆ ಆಧಾರವುಂಟು. 1979ರಲ್ಲಿ ದೆಹಲಿಯ ನಾಟಕಶಾಲೆಯ ಕಲಾವಿದರಿಂದ ಅವರು ಆಡಿಸಿದ ಬರ್ನಮ್ ವನವು, ಎಂದರೆ ರಘುವೀರ ಸಹಾಯರು ಹಿಂದಿಗೆ ತಂದ ಮ್ಯಾಕ್‌ಬೆತ್, ಯಕ್ಷಗಾನದ ಹೆಜ್ಜೆಗತಿಗಳನ್ನು ಬಹಿರಂಗವಾಗಿಯೇ ಆಶ್ರಯಿಸಿತ್ತು. ಆದರೆ ಯಕ್ಷಗಾನದಲ್ಲಿ ಹಾಡತಕ್ಕವನು ಭಾಗವತ. ಪಾತ್ರಧಾರಿಯು ಕುಣಿಯುತ್ತಾನೆ, ಅರ್ಥ ಹೇಳುತ್ತಾನೆ, ಹಾಡುವುದಿಲ್ಲ. ಗಾನವೂ ಪಾತ್ರವೂ ಬೇರೆಬೇರೆಯಾದ ಎರಡು ದೇಹಗಳಲ್ಲಿರುತ್ತವೆ. ಕಾರಂತರ ನಾಟಕಗಳಲ್ಲಿ ಪಾತ್ರಧಾರಿಯೇ ಹಾಡುತ್ತಾನೆ. ಅಳುತ್ತಿದ್ದವನು ಅಳುವಿನ ಒಳಗಿನಿಂದಲೇ ಸ್ವರವನ್ನು ಎತ್ತುತ್ತಾನೆ. ಮಾತು ಮುಗಿದು ಹಾಡು ಎಲ್ಲಿ ಆರಂಭವಾಯಿತೆಂಬುದು ಕೆಲವೊಮ್ಮೆ ತಿಳಿಯುವುದೇ ಇಲ್ಲ. ಈ ಕ್ರಮವು ವರದಾಚಾರ್ಯರದು, ಜಯಮ್ಮನವರದು, ಕಂಪನಿಯದು. ಯಕ್ಷಗಾನದಿಂದ ಕಾರಂತರು ಲಯವನ್ನು ತಂದರು. ಹಾಡುವ ನಟನನ್ನು ತಂದದ್ದು ಡೇರೆಯಿಂದ.

ಎರಡನೆಯ ಆಕ್ಷೇಪಣೆಯು ಪಾಶ್ಚಾತ್ಯ ವಿದ್ಯೆಯನ್ನು ಬಲ್ಲವರದು. ಹಾಡಿನಿಂದ ಕಥೆಯ ಓಟವನ್ನು ಕಡಿದು ಪ್ರೇಕ್ಷಕನನ್ನು ವಿಚಾರಕ್ಕೆ ಹಚ್ಚುವುದು ಜರ್ಮನಿಯ ಬ್ರೆಕ್ಟ್ ಮಹಾಶಯನ ತಂತ್ರವೆಂದೂ, ದೆಹಲಿಯಲ್ಲಿ ಕಲಿತವರು ಅದನ್ನು ಇಲ್ಲಿಗೆ ತಂದರೆಂದೂ ಅವರು ಹೇಳುತ್ತಾರೆ. ಆ ಕಾಲದ ನಾಟಕಕಾರರೂ ನಿರ್ದೇಶಕರೂ ಬ್ರೆಕ್ಟನನ್ನು ಓದಿದ್ದುದು ನಿಶ್ಚಯ. ಆದರೆ ಕಡಿಯುವ ಯುಕ್ತಿಯನ್ನು ಜರ್ಮನಿಯಿಂದ ತರಬಹುದು. ಕಡಿಯುವ ಸ್ವರವನ್ನು ತರಲಾಗದು. ಹಿಂದಿನ ಸಾಲಿನವನು ತಲೆಯೆತ್ತುವ ಸ್ವರವು ಅವನ ಕಿವಿಯಲ್ಲಿ ಮೊದಲೇ ಇರಬೇಕು. ಮೇಲಾಗಿ ಆಕ್ಷೇಪಿಕಿಯ ಲಕ್ಷಣವನ್ನು ಹೇಳಿದ ಭರತನನ್ನು ಕನ್ನಡದ ಹೊಸ ನಾಟಕಕಾರರು ಅರಿಯದೆ ಇರಲಿಲ್ಲ. ನಾಟ್ಯಶಾಸ್ತ್ರವನ್ನು ವ್ಯಾಸಂಗಮಾಡಿ ಅನುವಾದಿಸಿದ ಆದ್ಯ ರಂಗಾಚಾರ್ಯರೇ, ಎಂದರೆ ಶ್ರೀರಂಗರೇ (1904–1984), ಆ ಕಾಲದ ಹಿರಿಯ ನಾಟಕಕಾರರು.

ಶ್ರೀರಂಗರ ಸತ್ತವರ ನೆರಳು ನಾಟಕವನ್ನು ಕಾರಂತರು ತಮ್ಮ ಬೆನಕ ತಂಡದಿಂದ 1974ರಲ್ಲಿ ಆಡಿಸಿದ ರೀತಿಯು ಈ ಪ್ರಬಂಧದ ವಾದಕ್ಕೆ ಎಲ್ಲಕ್ಕಿಂತ ಬಲವಾದ ನಿದರ್ಶನ. ವಸ್ತುವು ಒಂದು ಮಠದ ಉತ್ತರಾಧಿಕಾರದ ವಿಡಂಬನೆ. ಶ್ರೀರಂಗರು ಬುದ್ಧಿಗೆ ಬರೆಯತಕ್ಕವರು. ಅವರ ಗದ್ಯವು ತೀಕ್ಷ್ಣ, ಒಣ. ಕಾರಂತರು ಆ ಗದ್ಯದ ನಡುವೆ ಪುರಂದರದಾಸರ ಪದಗಳನ್ನು ಇರಿಸಿದರು. ಭಕ್ತರು ಕೈಮುಗಿದು ಕೇಳುವ ಪದಗಳೇ ಅವು. ಸ್ವರವು ಕಂಪನಿಯಲ್ಲಿ ಕೇಳುತ್ತಿದ್ದಂತೆ ತುಂಬಿದ ಸ್ವರವೇ. ಆದರೆ ಡಾಂಭಿಕನೊಬ್ಬನು ಎದುರಿಗೆ ನಿಂತಿರುವಾಗ ಮೇಳವು ಅವನ್ನು ಹಾಡಿದೊಡನೆ ಭಕ್ತಿಯು ಚಾಟಿಯಾಗಿ ತಿರುಗುತ್ತದೆ. ದಾಸರ ಪದದಲ್ಲಿ ಮೊದಲಿನಿಂದಲೂ ಇದ್ದ ನಿಂದೆಯ ಅಲಗು ಭಜನೆಯ ಬಳಕೆಯಲ್ಲಿ ಮೊಂಡಾಗಿದ್ದುದು ಹೀಗೆ ಮತ್ತೆ ಹರಿತವಾಯಿತು. ಪ್ರೇಕ್ಷಕರು ನಕ್ಕರು, ಹಾಡನ್ನು ಗುನುಗುತ್ತಲೇ ಮನೆಗೆ ಹೋದರು. ಹಾಡಿಲ್ಲದೆ ಅದೇ ವಿಡಂಬನೆಯನ್ನು ಆಡಿದ್ದರೆ ನೋಡತಕ್ಕವರು ಓದಿದವರ ಪಂಕ್ತಿಯವರೇ ಆಗಿರುತ್ತಿದ್ದರು.

ಚಲನಚಿತ್ರಗಳಲ್ಲಿ ಈ ಗಾನವು ಇನ್ನೊಂದು ದಾರಿಯನ್ನು ಹಿಡಿಯಿತು. ಅದರಲ್ಲಿ ಶೃಂಗೇರಿ ಕೊಪ್ಪಗಳ ಮಲೆನಾಡಿಗೆ ಸಂಬಂಧಿಸಿದ ವಿಷಯಗಳಿವೆ. ಶಿವರಾಮ ಕಾರಂತರ ಕಾದಂಬರಿಯನ್ನು ಅನುಸರಿಸಿ ವೆಂಕಟರಮಣ ಕಾರಂತರು ನಿರ್ದೇಶಿಸಿದ ಚೋಮನ ದುಡಿಯು 1975ನೆಯ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು. ಅದಾದ ಬಳಿಕ ಎರಡು ವರ್ಷಗಳ ಅವಧಿಯಲ್ಲಿ ಅವರಿಗೆ ಸಂಗೀತಕ್ಕಾಗಿ ಎರಡು ರಾಷ್ಟ್ರಪ್ರಶಸ್ತಿಗಳು ಸಂದವು: 1976ರಲ್ಲಿ ಕಂಬಾರರ ನಾಟಕವನ್ನು ಆಧರಿಸಿದ ಋಷ್ಯಶೃಂಗಕ್ಕೆ, 1977ರಲ್ಲಿ ಅನಂತಮೂರ್ತಿಯವರ ಕಥೆಯ ಘಟಶ್ರಾದ್ಧಕ್ಕೆ. ಶೃಂಗೇರಿಗೆ ಆ ಹೆಸರು ಬಂದುದೇ ಋಷ್ಯಶೃಂಗನಿಂದ ಎಂಬುದು ಸ್ಥಳಪುರಾಣ. ಸಮೀಪದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನಿಗೆ ಮಳೆಗಾಗಿ ಪ್ರಾರ್ಥನೆ ಸಲ್ಲಿಸುವ ಪದ್ಧತಿಯು ಇಂದಿಗೂ ಉಂಟು. ಅಂಗದೇಶದ ಬರವನ್ನು ಕಳೆದ ಮುನಿಕುಮಾರನ ಕಥೆಯನ್ನು ಕಂಬಾರರು ಉತ್ತರ ಕರ್ಣಾಟಕದ ಹಳ್ಳಿಯೊಂದಕ್ಕೆ ಒಯ್ದರು. ಕಾರಂತರ ಸಂಗೀತವು ಅಲ್ಲಿಯ ಜನಪದದ ಧಾಟಿಯನ್ನು ಹಿಡಿಯಿತು. ಘಟಶ್ರಾದ್ಧದ ಮಾತು ಬೇರೆ. ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿದ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ಆ ಚಿತ್ರದ ಕಥೆಯು ಅಗ್ರಹಾರದ ವೇದಪಾಠಶಾಲೆಯೊಂದರಲ್ಲಿ ನಡೆಯುತ್ತದೆ; ಉಪಾಧ್ಯಾಯರ ವಿಧವೆಯಾದ ಮಗಳು ಗರ್ಭಿಣಿಯಾದುದಕ್ಕೆ ಬದುಕಿರುವಾಗಲೇ ಶ್ರಾದ್ಧವನ್ನು ಮಾಡಿ ಬಹಿಷ್ಕರಿಸುವುದು ಅದರ ವಸ್ತು. ಇಂತಹ ಕಥೆಗೆ ಸಂಗೀತವನ್ನು ಸುರಿಯುವುದು ಸುಲಭ. ಇಲ್ಲಿ ಕಾರಂತರು ಸುರಿಯಲಿಲ್ಲ. ಮಕ್ಕಳ ಮಂತ್ರಪಾಠ, ಕಾಡಿನ ಸದ್ದು, ಅವುಗಳ ನಡುವಣ ಮೌನ ಇವುಗಳಿಗೆ ಎಡೆಮಾಡಿಕೊಟ್ಟು ತಮ್ಮ ಸ್ವರವನ್ನು ಹಿಂದಕ್ಕೆ ಇಟ್ಟುಕೊಂಡರು. ಯಾವಾಗ ಹಾಡಬಾರದೆಂಬುದೂ ಕಂಪನಿಯ ಪಾಠವೇ. ಅಲ್ಲಿ ಅತಿಯಾಗಿ ಹಾಡಿದುದರ ಫಲವನ್ನು ಅವರು ಕಣ್ಣಾರೆ ಕಂಡಿದ್ದರು.

ಬಂಡಾಯವು ನಿಜವಾಗಿ ಬೀದಿಗಿಳಿದುದು ಇದಾದಮೇಲೆ. 1975ರಲ್ಲಿ ಸ್ಥಾಪಿತವಾದ ಸಮುದಾಯ ಸಂಘಟನೆಯು 1979ರಲ್ಲಿ ಜಾಥಾ ಎಂಬ ಹೆಸರಿನಿಂದ ಊರೂರು ತಿರುಗಿ ಬೀದಿನಾಟಕಗಳನ್ನು ಆಡಿತು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ದಲಿತರ ಹತ್ಯೆಯನ್ನು ವಸ್ತುವಾಗುಳ್ಳ ಬೆಲ್ಚಿ ನಾಟಕವನ್ನು ಸಿ. ಜಿ. ಕೃಷ್ಣಸ್ವಾಮಿಯವರು ಆಡಿಸಿದರು. ಅದೇ ಕಾಲದಲ್ಲಿ ಸಿದ್ಧಲಿಂಗಯ್ಯನವರ ಕವನಗಳು ದಲಿತ ಚಳವಳಿಯ ಸಭೆಗಳಲ್ಲಿ ಹಾಡಾಗಿ ಎದ್ದವು. ಇದೆಲ್ಲವೂ ಕಾರಂತರಿಂದ ಬಂತೆಂದು ಹೇಳುವುದು ಅವಿವೇಕ. ವಂಗದೇಶದ ಬಾದಲ್ ಸರ್ಕಾರರ ಪ್ರಯೋಗಗಳು, ಲಾವಣಿ ತತ್ತ್ವಪದಗಳ ಸಂಪ್ರದಾಯ, ಎಲ್ಲಕ್ಕಿಂತ ಹೆಚ್ಚಾಗಿ ನೊಂದವರ ಸಿಟ್ಟು, ಇವು ಅ ಹಾಡುಗಳ ಹುಟ್ಟಿಗೆ ಸಾಕಾದ ಕಾರಣಗಳು. ಕಾರಂತರು ಯಾವ ರಾಜಕೀಯ ಪಕ್ಷದ ಕಹಳೆಯನ್ನೂ ಊದಿದವರಲ್ಲ. ಆದರೆ ಓದಿದ ತರುಣನು ನಾಲ್ಕು ಜನರ ನಡುವೆ ನಿಂತು ನಾಚದೆ ಹಾಡಬಹುದು, ಹಾಡಿದರೆ ವಿಚಾರದ ತೂಕವು ಕಡಮೆಯಾಗದು ಎಂಬ ಧೈರ್ಯವು 1970ರಲ್ಲಿ ಇರಲಿಲ್ಲ, 1979ರಲ್ಲಿ ಇತ್ತು. ಆ ಒಂಬತ್ತು ವರ್ಷಗಳ ನಡುವೆ ನಡೆದದ್ದು ಮೇಲೆ ಹೇಳಿದ ಪ್ರಯೋಗಗಳು. ಒಬ್ಬನೇ ಗಾಯಕನಿಗೆ ಬದಲಾಗಿ ಮೇಳವು ಹಾಡುವುದು, ಕೈಗೆ ಸಿಕ್ಕ ಕಲ್ಲು ಕೋಲು ಪಾತ್ರೆಗಳನ್ನೇ ವಾದ್ಯವಾಗಿ ಮಾಡಿಕೊಳ್ಳುವುದು, ನಟರು ನೇಪಥ್ಯಕ್ಕೆ ಹೋಗದೆ ಪ್ರೇಕ್ಷಕರ ಎದುರಿಗೇ ಪಾತ್ರವನ್ನು ಬದಲಾಯಿಸುವುದು, ಇವು ಕಾರಂತರ ರಂಗದಲ್ಲಿ ಮೊದಲು ಪಳಗಿದವು. ಕಾಸಿಲ್ಲದವರಿಗೆ ಇವು ಒದಗಿಬಂದವು.

ದೋಷಗಳನ್ನೂ ಹೇಳಬೇಕು. ಕಾರಂತರ ಕೀರ್ತಿಯು ಬೆಳೆದಂತೆ ಅವರನ್ನು ಅನುಕರಿಸತಕ್ಕವರು ಹೆಚ್ಚಿದರು. ಯಾವ ನಾಟಕವಾದರೂ ಸರಿ, ಆರಂಭಕ್ಕೊಂದು ಮೇಳಗೀತ, ನಡುವೆ ಎರಡು ಕುಣಿತ, ಕೊನೆಗೊಂದು ಕೂಗು ಎಂಬ ಪಾಕವು ಹವ್ಯಾಸಿ ತಂಡಗಳಲ್ಲಿ ಹಬ್ಬಿತು. ಅಭಿನಯವು ಸಾಲದ ಕಡೆ ಹಾಡು ಬಂದು ಮುಚ್ಚತೊಡಗಿತು. ಪರದೆಯ ಜೊತೆಗೆ ಹೊರಗೆ ಹಾಕಲ್ಪಟ್ಟಿದ್ದ ಆಂತರೆಯು ಹಿಂಬಾಗಿಲಿನಿಂದ ಒಳಗೆ ಬಂದಂತಾಯಿತು. ಕಾರಂತರ ಕೊನೆಯ ವರ್ಷಗಳ ಕೆಲವು ಪ್ರಯೋಗಗಳಲ್ಲಿಯೂ ಸಂಗೀತದ ಸೊಗಸು ನಾಟಕಕ್ಕಿಂತ ಮುಂದೆ ಓಡಿತೆಂದು ಹೇಳಿದವರುಂಟು. ಅದು ಪೂರ್ತಿ ಅನ್ಯಾಯದ ಮಾತಲ್ಲ. ಆದರೂ 1989ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರಂಗಾಯಣದ ಮೊದಲ ನಿರ್ದೇಶಕರಾಗಿ ಅವರು ತರುಣ ನಟರ ಒಂದು ತಲೆಮಾರನ್ನು ಹಾಡಲು ಕಲಿಸಿದರು; ಪು. ತಿ. ನ. ಅವರ ಗೋಕುಲ ನಿರ್ಗಮನದಂಥ ಗೇಯನಾಟಕವು ಓದುವ ಪುಸ್ತಕವಾಗಿ ಉಳಿಯದೆ ರಂಗದ ಮೇಲೆ ಬಂದುದು ಅವರ ದೆಸೆಯಿಂದ. ಕಂಪನಿಯ ಹಳೆಯ ಹಾಡುಗಳನ್ನು ರಂಗಗೀತೆಗಳೆಂದು ಬೇರೆಯಾಗಿಯೇ ಹಾಡಿ ಕೇಳಿಸುವ ಕ್ರಮಕ್ಕೂ ಅವರು ಬೆಂಬಲವಾಗಿ ನಿಂತರು. ವೈದೇಹಿಯವರು ಬರೆದುಕೊಂಡು 2003ರಲ್ಲಿ ಪ್ರಕಟವಾದ ಅವರ ಆತ್ಮಕಥನವಾದ ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ ಎಂಬ ಗ್ರಂಥವು ಈ ವಿಚಾರದಲ್ಲಿ ಪರಾಮರ್ಶಿಸತಕ್ಕುದು. ಅದರ ಹೆಸರೇ ಎರಡು ರಂಗಭೂಮಿಗಳ ನಡುವೆ ಬಾಳಿದವರಿಗೆ ಒಪ್ಪುವಂತಿದೆ.

ಇನ್ನು ಆಗಬೇಕಾದ ಕೆಲಸವೊಂದಿದೆ. ಕಾರಂತರು ಕಟ್ಟಿದ ಧಾಟಿಗಳಲ್ಲಿ ಕಂಪನಿಯ ಯಾವ ಯಾವ ಮಟ್ಟುಗಳು ಯಾವ ರೂಪದಲ್ಲಿ ಅಡಗಿವೆ ಎಂಬುದನ್ನು ಒಂದೊಂದಾಗಿ ಹೋಲಿಸಿ ತೋರಿಸಿದಲ್ಲದೆ ಮೇಲಿನ ವಾದವು ಸಂಪೂರ್ಣವಾಗಿ ಸಿದ್ಧಾಂತವಾಗದು. ಅದಕ್ಕೆ ಬೇಕಾದ ಸಾಮಗ್ರಿಯು ಕಂಪನಿಗಳು ಆಟದ ದಿನ ಡೇರೆಯ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು, ಮತ್ತು ಹಾರ್ಮೋನಿಯಂ ಮೇಷ್ಟರು ಸ್ವರ ಹಾಕಿಟ್ಟುಕೊಂಡ ಕೈಬರಹದ ಪುಸ್ತಕಗಳು. ಶಾಸನಗಳಿಗೂ ತಾಳೆಯೋಲೆಗಳಿಗೂ ದೊರೆತ ಆದರವು ಇವುಗಳಿಗೆ ದೊರೆತಿಲ್ಲ. ಸಾಹಿತ್ಯದ ಅಧ್ಯಾಪಕರು ಇವನ್ನು ಸಾಹಿತ್ಯವೆಂದು ಎಣಿಸಲಿಲ್ಲ, ಸಂಗೀತದ ವಿದ್ವಾಂಸರು ಸಂಗೀತವೆಂದು ಎಣಿಸಲಿಲ್ಲ. ಅಗ್ಗದ ಕಾಗದದ ಮೇಲೆ ಅಚ್ಚಾದ ಪುಸ್ತಕಗಳಾದುದರಿಂದ ಬಯಲುಸೀಮೆಯಲ್ಲಿಯೇ ಪುಡಿಯಾಗುತ್ತಿವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮಳೆಯಲ್ಲಿ ಮನೆಯ ಅಟ್ಟದ ಮೇಲೆ ಉಳಿದಿರಬಹುದಾದವುಗಳಿಗೆ ಗೆದ್ದಲೂ ಬೂಷ್ಟೂ ಹೆಚ್ಚು ಕಾಲವನ್ನು ಕೊಡುವುದಿಲ್ಲ. ಹಳೆಯ ಮಟ್ಟುಗಳನ್ನು ಬಾಯಲ್ಲಿ ಇಟ್ಟುಕೊಂಡಿರುವ ವೃದ್ಧ ನಟರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಪುಸ್ತಕದಲ್ಲಿ ಮಟ್ಟಿನ ಹೆಸರು ಮಾತ್ರ ಉಂಟು, ಸ್ವರವಿಲ್ಲ. ಅವರ ಬಾಯಲ್ಲಿ ಸ್ವರವುಂಟು. ಎರಡನ್ನೂ ಒಂದೇ ಕಾಲದಲ್ಲಿ ಎದುರಿಗಿಟ್ಟುಕೊಂಡು ಬರೆದುಕೊಳ್ಳುವುದಕ್ಕೆ ಈಗ ಇನ್ನೂ ಅವಕಾಶವಿದೆ.